ಕಲ್ಯಾಣದುರ್ಗದಲ್ಲಿ ಮಂಜನ ಖಂಜಿರ

ಹಿಂದೂಪುರದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ತಮ್ಮ ಮಂಜ ಖಂಜಿರವನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಚಿತ್ರಾನ್ನದ ಡಬ್ಬಿಯನ್ನು ನನ್ನ ಕಾಲಡಿಗೆ ತಳ್ಳಿದ. ಮಡಕಶಿರದವರೆಗೆ ನನಗೆ ಟಿಕೆಟ್ಟಿಲ್ಲ, ಹೆಂಗಸರಿಗೆ ಬಸ್ಸು ಪುಕ್ಕಟೆ. ಅಲ್ಲಿಂದ ಪಾವಗಡಕ್ಕೆ, ಪಾವಗಡದಿಂದ ಕಲ್ಯಾಣದುರ್ಗಕ್ಕೆ ರಾಜ್ಯದ ಗಡಿ ದಾಟಬೇಕಾದ್ದರಿಂದ ಇಬ್ಬರೂ ದುಡ್ಡು ಕೊಟ್ಟೆವು. ಎಲ್ಲ ಸೇರಿ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಹೊರಟಿದ್ದು ಅಲ್ಲಿನ ಬೇಸಿಗೆ ಸಂಗೀತೋತ್ಸವಕ್ಕೆ. ಕೊನೆಯ ದಿನದ ಕಛೇರಿ ತತ್ವಪದ ಹಾಡುವ ಚೌಡಪ್ಪನವರದು. ಅವರ ಖಂಜಿರದವರಿಗೆ ಭುಜ ಹಿಡಿದುಕೊಂಡು ಕೈ ಎತ್ತಲಾಗದೆ, ಮಂಜನಿಗೆ ಕರೆ ಬಂದಿತ್ತು. ಇವನು ವಾರವೆಲ್ಲ ಪವರ್‌ಲೂಮಿನಲ್ಲಿ ದುಡಿದು ಶನಿವಾರ ಭಜನೆಯಲ್ಲಿ ನುಡಿಸುವವನು. "ಅವರಿಗೆ ಹಿಡಿಸಿದ್ರೆ ಬೇಸಿಗೆ ಪೂರ್ತಿ ನೀನೇ" ಎಂದು ಮೇಳದ ಹಾರ್ಮೋನಿಯಂನವರು ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ತಟ್ಟೆ, ಬಾಗಿಲು, ನನ್ನ ಹೊಲಿಗೆ ಮಿಷನ್ನು ಯಾವುದಕ್ಕೂ ಅವನ ಬೆರಳಿನಿಂದ ಬಿಡುವಿರಲಿಲ್ಲ. ನಲವತ್ತರ ಹತ್ತಿರ ಬಂದವನಿಗೆ ಇಂಥ ಕರೆ ಮತ್ತೆ ಬರುವುದು ಕಷ್ಟ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಲ್ಯಾಣದುರ್ಗದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಮುಖಕ್ಕೇ ಹೊಡೆಯಿತು. ನಮ್ಮೂರಿನದೂ ಬಿಸಿಲೇ, ಆದರೆ ಇಷ್ಟು ಖಾರವಲ್ಲ. ಬಸ್‌ಸ್ಟ್ಯಾಂಡಿನ ಎದುರು ನಾನು ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆ. ಮಂಜ ನೀರು ಕುಡಿದ. ಆಟೋದಲ್ಲಿ ಶಾಲೆಯ ಮೈದಾನ ತಲುಪಿದರೆ, ಪೋಸ್ಟರಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿದ್ದ ಚೌಡಪ್ಪನವರು ಬೇವಿನ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ತಾಟಿನುಂಗು ತಿನ್ನುತ್ತಿದ್ದರು.

"ಸ್ವಾಮಿ, ಒಂದ್ಸಲ ಕೂತು ನುಡಿಸಿ ನೋಡಾಣ್ವಾ?" ಎಂದ ಮಂಜ.

"ನೋಡಾಣ ಕಣಪ್ಪ. ಮೊದ್ಲು ನುಂಗು ತಿನ್ನು" ಎಂದವರು, ಕೈ ತೊಳೆದು, ಮುಖದ ಮೇಲೆ ಟವೆಲ್ ಹಾಕಿಕೊಂಡು ನಿದ್ದೆಹೋದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬನ ಜೀವ ಬಾಯಿಗೆ ಬಂದಿರುವಾಗ ಇದೆಂಥ ನಿದ್ದೆ!

ನಮ್ಮ ಭಜನೆ ನಡೆಯುವುದು ಸಂಜೆಯ ತಂಪಿನಲ್ಲಿ. ಖಂಜಿರದ ಚರ್ಮ ಸಡಿಲವಾಗುತ್ತದೆಂದು ಅದನ್ನು ಮೊದಲೇ ಬಿಸಿಲಿಗೆ ಇಟ್ಟು ಬಿಗಿ ಮಾಡಿಕೊಳ್ಳುವುದು ನಮ್ಮ ಕಡೆಯ ರೂಢಿ. ಮಂಜ ಇಲ್ಲಿಯೂ ಅದನ್ನೇ ಮಾಡಿದ. ಶಾಲೆಯ ಗೋಡೆಯ ಮೇಲೆ, ಕಲ್ಯಾಣದುರ್ಗದ ಬಿಸಿಲಿಗೆ ಇಟ್ಟ. ನಾನೇ ಕಾವಲು ಕೂತೆ. ಈ ಬಿಸಿಲೇ ಬೇರೆ ಎಂದು ನನಗೂ ಹೊಳೆಯಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಕಡಲೆಕಾಯಿ ಸೀಮೆಯ ಹಳ್ಳಿಗಳಿಂದ ಜೀಪು, ಆಟೋಗಳಲ್ಲಿ ಜನ ಬಂದು ಮೈದಾನ ತುಂಬಿದರು. ಚೌಡಪ್ಪನವರು ವೇದಿಕೆ ಹತ್ತಿ ಕೂತರು. ಮಂಜ ಮೈಕಿನ ಮುಂದೆ ಒಂದು ಪೆಟ್ಟು ಕೊಟ್ಟ. ಸ್ಟೀಲ್ ತಟ್ಟೆ ಬಡಿದ ಹಾಗೆ ಟಣ್ ಎಂದಿತು. ಚರ್ಮ ಅಷ್ಟು ಬಿಗಿದುಹೋಗಿತ್ತು. ಗಾಬರಿಯಲ್ಲಿ ಅವನು ಬಾಟಲಿಯ ನೀರನ್ನು ಚಿಮುಕಿಸುವ ಬದಲು ಸುರಿದುಬಿಟ್ಟ. ಇನ್ನೊಂದು ಪೆಟ್ಟಿಗೆ ಒದ್ದೆ ಗೋಣಿಚೀಲದ ಸದ್ದು. ಮುಂದಿನ ಸಾಲಿನವರು ನಕ್ಕರು. ಮಂಜ ತಲೆ ತಗ್ಗಿಸಿದ. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಚೌಡಪ್ಪನವರು ಕೈ ಚಾಚಿ ಖಂಜಿರ ಇಸಿದುಕೊಂಡರು. "ಅಬ್ಬಬ್ಬ, ಏನ್ ಶೆಕೆ ಕಣ್ರಪ್ಪ!" ಎಂದು ಅದನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಬೀಸಿಕೊಳ್ಳತೊಡಗಿದರು. ಜನರಿಗೆ ಭಾರೀ ಖುಷಿಯಾಯಿತು.

"ಪಾಡು ಸ್ವಾಮೀ!" ಎಂದು ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು.

"ಹಾಡ್ತೀನಿ ಇರಪ್ಪ. ಅರ್ಜೆಂಟ್ ಯಾರಿಗೈತೆ? ಗಾಳಿ ಬರ್ಲಿ."

ಮುಂದೆ ಕೂತಿದ್ದ ಅಜ್ಜಿಯೊಬ್ಬರ ಊರು ಕೇಳಿದರು. ಅವರ ಮನೆಯ ಎಮ್ಮೆಯ ಕ್ಷೇಮ ವಿಚಾರಿಸಿದರು. ಮಜ್ಜಿಗೆ ತರಿಸಿ ಕುಡಿದರು. ಕೈ ಮಾತ್ರ ಬೀಸುತ್ತಲೇ ಇತ್ತು. ಇಷ್ಟು ದೊಡ್ಡ ಹೆಸರು, ಇಷ್ಟು ಸೋಮಾರಿತನವೇ ಎಂದು ಬೈದುಕೊಳ್ಳುತ್ತಿದ್ದವಳು ಅವರ ಹೆಬ್ಬೆರಳನ್ನು ನೋಡಿದೆ. ಮಾತಿನ ನಡುನಡುವೆ ಅದು ಚರ್ಮವನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು. ಅವರು ಗಾಳಿ ಹಾಕುತ್ತಿದ್ದುದು ತಮಗಲ್ಲ, ಖಂಜಿರಕ್ಕೆ.

ಸಂಜೆಯ ಗಾಳಿ ಎದ್ದಿತು. ಅವರು ಖಂಜಿರವನ್ನು ಮಂಜನ ಕೈಗಿಟ್ಟು, ಮೈಕಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದರು. ಮಂಜ ಬಾರಿಸಿದ. ಗುಂಯ್ ಎಂದು ಶ್ರುತಿಗೆ ಸರಿಯಾಗಿ ಕೂತಿತು. ಆಮೇಲೆ ಚೌಡಪ್ಪನವರು ಕಣ್ಣು ಮುಚ್ಚಿ, ಮನೆಯ ಜಗುಲಿಯಲ್ಲಿ ಕೂತವರಂತೆ ಹಾಡಿದರು; ಮಂಜ ಅವರ ಹಿಂದೆ ಹಿಂದೆಯೇ ಹೋದ, ಎರಡನೆಯ ಪದಕ್ಕೆ ಪಕ್ಕಕ್ಕೇ ಬಂದ. ನನಗೆ ಅಳು ಬಂತು, ಅತ್ತುಬಿಟ್ಟೆ. ಪಕ್ಕದವರು ಪದದ ಅರ್ಥಕ್ಕೆ ಅತ್ತಳೆಂದುಕೊಂಡಿರಬೇಕು.

ಕಛೇರಿ ಮುಗಿದಾಗ ಅವರು ಹಿಡಿಸಿತು ಎನ್ನಲಿಲ್ಲ, ಹಿಡಿಸಲಿಲ್ಲ ಎನ್ನಲಿಲ್ಲ. ಜೀಪಿನಲ್ಲಿ ಕೂತು ಚಪ್ಪಲಿ ಬಿಚ್ಚಿ ಕಾಲು ಮೇಲಿಟ್ಟುಕೊಂಡರು. ಮಂಜ ಕಿಟಕಿಯ ಪಕ್ಕ ಕೈಕಟ್ಟಿ ನಿಂತ. ಜೀಪು ಶುರುವಾದ ಮೇಲೆ ಅವರು ಆಕಳಿಸುತ್ತ ಹೇಳಿದರು:

"ಬರೋ ವಾರ ಗೋರಂಟ್ಲದ ಕಛೇರ್ಯಾಗೆ ಬಿಸ್ಲಿಗೆ ಇಡ್ಬ್ಯಾಡ ಕಣಪ್ಪ. ನೆಳ್ಳಾಗಿಡು."

ಜೀಪು ಹೋಯಿತು. "ಅಕ್ಕ, ಗೋರಂಟ್ಲ ಅಂದ್ಬುಟ್ರಲ್ಲ!" ಎಂದು ಮಂಜ ನನ್ನ ತೋಳು ಹಿಡಿದು ಅಲ್ಲಾಡಿಸಿದ.

ಮರುದಿನ ಬಸ್ಸಿನಲ್ಲಿ ಉಗ್ಗಾಣಿಯ ಎರಡು ಪೊಟ್ಟಣ ಅವನೊಬ್ಬನೇ ತಿಂದ. ಪಾವಗಡ ಬರುವ ಮೊದಲೇ ನಮ್ಮ ಕಿಟಕಿಗೆ ಬಿಸಿಲು ಬಿತ್ತು. ಆಚೆ ಬದಿಯಲ್ಲಿ ನೆರಳಿನ ಸೀಟು ಒಂದೇ ಒಂದು ಖಾಲಿಯಿತ್ತು. ಮಂಜ ಎದ್ದು ಟವೆಲ್ ಸುತ್ತಿದ ಖಂಜಿರವನ್ನು ಅಲ್ಲಿ ಕೂರಿಸಿ, ವಾಪಸು ಬಂದು ನನ್ನ ಜೊತೆ ಬಿಸಿಲಿನಲ್ಲಿ ಕೂತ.