ನೀಲವ್ವ ಅತ್ತಿಯ ಕರು

ಹಾಲು ಪಾಕೀಟಿನಲ್ಲಿ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಕಾಲ ಅದು. ಮುನವಳ್ಳಿ ಕಡೆಯ ನಮ್ಮೂರಿನಲ್ಲಿ ಎಮ್ಮೆ ಇದ್ದವರದೇ ಒಂದು ಜಾತಿ, ಇಲ್ಲದವರದು ಇನ್ನೊಂದು. ನಾವು ಇಲ್ಲದವರು. ನಮ್ಮ ಮನೆಯ ಚಹಾ ಯಾವಾಗಲೂ ಕರ್ರಗಿರುತ್ತಿತ್ತು. ಬೀಗರು ಬಂದರೆ ಅವ್ವ ನನ್ನ ಕೈಗೆ ವಾಟಗ ಕೊಟ್ಟು, "ಸಾವಕಾರ್ರ ಮನೀಗೆ ಹೋಗಿ ಒಂದೀಟ ಹಾಲ ಇಸಗೊಂಡು ಬಾ" ಅನ್ನುತ್ತಿದ್ದಳು. ಗೆಳತಿಯರು ಊರ ಅಗಸಿ ಬಾಗಿಲ ಹತ್ತಿರ ಆಣಿಕಲ್ಲು ಆಡುತ್ತಿದ್ದರೆ ನಾನು ಅವರ ಮುಂದೆಯೇ ಖಾಲಿ ವಾಟಗ ಹಿಡಿದು ಹೋಗಿ ಸಾವಕಾರರ ಹಿತ್ತಲ ಬಾಗಿಲಲ್ಲಿ ನಿಲ್ಲಬೇಕು. ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ನೀಲವ್ವ ಅತ್ತಿ ನಮ್ಮ ಅಪ್ಪನ ತಂಗಿ. ಗಂಡ ಬಿಟ್ಟ ಮೇಲೆ ನಮ್ಮಲ್ಲೇ ಇದ್ದಳು. ಸಾವಕಾರರ ಹಿತ್ತಲಲ್ಲಿ ಕಾಳು ಹಸನು ಮಾಡುವುದು, ಖಾರ ಕುಟ್ಟುವುದು, ಸಗಣಿ ಬಳಿಯುವುದು ಅವಳ ಕೆಲಸ. ಅಪ್ಪನೂ ಅವರ ಹೊಲದಲ್ಲೇ ದುಡಿಯುತ್ತಿದ್ದ. ಅತ್ತಿಗೆ ಇದ್ದದ್ದು ಒಂದೇ ಆಸೆ, ತನ್ನದೇ ಒಂದು ಎಮ್ಮೆ.

"ಒಂದ ಎಮ್ಮಿ ಇದ್ರ ಸಾಕವ್ವಾ. ಅಣ್ಣನ ಮನ್ಯಾಗ ರೊಟ್ಟಿ ಮುರಿಯೂಮುಂದ ನನ್ನ ಕೈ ನಡಗೂದಿಲ್ಲ" ಅನ್ನುತ್ತಿದ್ದಳು.

ನಮ್ಮ ಕಡೆ 'ಪಾಲಿಗೆ ಹಾಕೂದು' ಅಂತ ಒಂದು ಪದ್ಧತಿ. ಉಳ್ಳವರ ಮನೆಯ ಹೆಣ್ಣುಕರುವನ್ನು ಇಲ್ಲದವರು ತಂದು, ಮೇಯಿಸಿ, ಬೆಳೆಸಬೇಕು. ಅದು ಗಬ್ಬಾಗಿ ಈದ ಮೇಲೆ ಎಮ್ಮೆ ಒಡೆಯರಿಗೆ, ಕರು ಸಾಕಿದವರಿಗೆ. ಎಲ್ಲ ಬಾಯಿಮಾತು. ಹಾಗೆ ಸಾವಕಾರರಿಂದ ಅತ್ತಿ ತಂದದ್ದು ಹಣೆಯಲ್ಲಿ ಬಿಳಿ ಚುಕ್ಕೆ ಇದ್ದ ಚಂದ್ರಿಯನ್ನು. ತಾನು ಉಣ್ಣುವ ಮೊದಲು ಅದಕ್ಕೆ ಹುಲ್ಲು ಹಾಕುತ್ತಿದ್ದಳು. ಹಳ್ಳದಲ್ಲಿ ಅದರ ಮೈ ತಿಕ್ಕುತ್ತ ಅದರ ಕೂಡ ಮಾತಾಡುತ್ತಿದ್ದಳು, ನಮ್ಮ ಕೂಡ ಆಡದ ಮಾತುಗಳನ್ನೆಲ್ಲ.

ಚಂದ್ರಿ ಗಬ್ಬಾದ ವರ್ಷದ ಶ್ರಾವಣದಲ್ಲಿ ನಮ್ಮ ಮಧ್ಯಾಹ್ನಗಳಿಗೆ ಒಂದು ಕತೆ ಬಂತು. ಸಾವಕಾರರ ಸೊಸೆ ಕಿತ್ತೂರು ಕಡೆಯವರು, ಕಾಲೇಜು ಕಲಿತವರು. ನಾವು ಸಣ್ಣ ಅಕ್ಕಾರು ಅನ್ನುತ್ತಿದ್ದೆವು. ಗಂಡ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಅತ್ತೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆ ಅತ್ತೆಗೆ, ಅಂದರೆ ದೊಡ್ಡ ಅವ್ವಾರಿಗೆ, ಮಧ್ಯಾಹ್ನದ ನಿದ್ದೆ ಹತ್ತಿದ ಮೇಲೆ ಸಣ್ಣ ಅಕ್ಕಾರು ರಟ್ಟು ಕಿತ್ತುಹೋದ ಒಂದು ಕಾದಂಬರಿ ತಂದು ಹಿತ್ತಲ ಹೊಸ್ತಿಲ ಒಳಗೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಸಾಲಿ ಬಿಟ್ಟ ದಿನ ನಾನು ಮೆಟ್ಟಿಲ ಮೇಲೆ, ಸಣ್ಣವಳೆಂದು ಅಷ್ಟು ಮಾಫಿ. ಅತ್ತಿ ಕೆಳಗೆ ಅಂಗಳದಲ್ಲಿ, ಕೇರುವ ಮೊರ ಹಿಡಿದುಕೊಂಡು. ಕೇರುವ ಜೋಳದ ಧೂಳು, ಒಣಹಾಕಿದ ಮೆಣಸಿನಕಾಯಿಯ ಘಾಟು, ಆ ಓದು. ಯಾರ ಜಾಗ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಟ್ಟ ಕಾಲದ ಕತೆ ಅದು. ಒಬ್ಬ ಹೆಂಗಸು ಊರು ಬಿಟ್ಟು ಕಂಡವರ ತೋಟಗಳಲ್ಲಿ ಕೂಲಿ ಮಾಡುತ್ತಾಳೆ. ತನ್ನದೇ ಒಂದು ಗುಡಿಸಲು ಬೇಕು, ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು ಎಂಬುದು ಅವಳ ಕನಸು. ಓದುತ್ತ ಓದುತ್ತ ಸಣ್ಣ ಅಕ್ಕಾರ ದನಿ ಒಡೆಯುತ್ತಿತ್ತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಅಕಿಗೆ ಮನಿ ಸಿಗತೈತೇನ್ರಿ ಅಕ್ಕಾರ?" ಅತ್ತಿ ಕೇರುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ತಡಿ ನೀಲವ್ವಾ, ನಾನೂ ಮುಂದ ಓದಿಲ್ಲ. ನೀ ಇಲ್ದ ಒಬ್ಬಾಕಿನ ಓದಾಕ ಮನಸ ಬರೂದಿಲ್ಲ. ಈ ಮನ್ಯಾಗ ನನ್ನ ಕೂಡ ಮಾತಾಡೂದು ಇದೊಂದ ನೋಡು."

ದಸರಾ ಮುಗಿದ ಮೇಲೆ ಒಂದು ಬೆಳಗ್ಗೆ ಚಂದ್ರಿ ನಮ್ಮ ಮನೆ ಹಿಂದಿನ ಪರಸಿನಲ್ಲೇ ಈಯಿತು. "ಹೆಣ್ಣಗರ! ಹೆಣ್ಣಗರ ಹಾಕೈತಿ!" ಎಂದು ಅತ್ತಿ ಕೂಗಿದ ದನಿ ಓಣಿಗೆಲ್ಲ ಕೇಳಿಸಿತು. ತಾಯಿಯ ಹಾಗೆಯೇ ಹಣೆಯಲ್ಲಿ ಚುಕ್ಕೆ. ಅತ್ತಿ ತನ್ನ ಸೆರಗಿನಿಂದಲೇ ಅದರ ಮೈ ಒರೆಸಿದಳು. ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಕಾಸಿದರು. ಆವತ್ತು ನಾನು ತುಂಬಿದ ವಾಟಗ ಹಿಡಿದು ಸಾವಕಾರರ ಹಿತ್ತಲಿಗೆ ಹೋದೆ. ಇಸಗೊಳ್ಳಲು ಅಲ್ಲ, ಕೊಡಲು! ಅಷ್ಟು ನೆಟ್ಟಗೆ ನಾನು ಮತ್ತೆಂದೂ ನಡೆದಿಲ್ಲ.

ಗಿಣ್ಣದ ಹಾಲು ತಿಳಿಯಾದ ಮೇಲೆ ಸಾವಕಾರರು ಆಳನ್ನು ಕರೆದುಕೊಂಡು ಬಂದರು. "ಎಮ್ಮಿ, ಕರಾ ಎರಡೂ ಹೊಡಕೊಂಡು ನಡಿ" ಎಂದು ಅವನಿಗೆ ಹೇಳಿದರು.

"ಸಾವಕಾರ್ರ, ಕರಾ ನಂದಲ್ರೀ?" ಅತ್ತಿ ಹಗ್ಗ ಬಿಡಲಿಲ್ಲ.

"ನಿಂದಲ್ಲ ಅಂತ ಯಾರಂದ್ರು? ಕರ ಮುಂದ ಇಲ್ದ ಎಮ್ಮಿ ಹಾಲ ಇಳಸತೈತೇನು? ಹಾಲ ಕುಡಿಯೂದ ಬಿಡ್ಲಿ, ಆಮ್ಯಾಲ ಒಯ್ಯಿ."

ಆ ಬಾಯಿಮಾತಿನಲ್ಲಿ 'ಯಾವಾಗ' ಅನ್ನುವುದೊಂದು ಇರಲೇ ಇಲ್ಲ. ಕರು ತನ್ನದು ಎಂದರೆ ಹುಟ್ಟಿದ ದಿನದಿಂದ ತನ್ನದು ಎಂದುಕೊಂಡಿದ್ದಳು ಹುಚ್ಚಿ. ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತ, "ಅವರು ಹೇಳೂದೂ ಖರೇನ ಐತಿ ಬಿಡವಾ" ಅಂದ. ಅತ್ತಿ ಹಗ್ಗ ಬಿಟ್ಟಳು.

ಆ ಮನೆಯಲ್ಲಿ ಕರುವನ್ನು ಹಾಲು ಇಳಿಯುವ ತನಕ ಬಿಟ್ಟು, ಆಮೇಲೆ ಎಳೆದು ಗೂಟಕ್ಕೆ ಕಟ್ಟಿ, ನಾಲ್ಕೂ ಮೊಲೆ ಬರಿದು ಮಾಡುತ್ತಿದ್ದರು. ತಮ್ಮದಲ್ಲದ ಕರುವಿಗೆ ಹಾಲು ಯಾಕೆ? ಕರುವಿನ ಪಕ್ಕೆಲುಬು ಕಾಣತೊಡಗಿದವು.

"ಒಂದ ಮೊಲಿ ಕರಕ್ಕ ಬಿಡ್ರಿ ಅವ್ವಾರ, ನಿಮ್ಮ ಕಾಲ ಹಿಡಕೋತೇನಿ" ಎಂದು ಅತ್ತಿ ಅಂಗಳದಲ್ಲಿ ಕೈಮುಗಿದು ನಿಂತಳು.

"ನಮ್ಮನ್ಯಾಗ ಹೆಂಗ ಹಿಂಡಬೇಕು ಅನ್ನೂದು ನೀ ಕಲಸತೀಯೇನ?" ದೊಡ್ಡ ಅವ್ವಾರು ಎದ್ದು ಒಳಗೆ ಹೋದರು. ಬಾಗಿಲ ಹಿಂದೆ ಸಣ್ಣ ಅಕ್ಕಾರು ಪುಸ್ತಕ ಎದೆಗೆ ಅವುಚಿಕೊಂಡು ನಿಂತಿದ್ದರು. ನಾನು ಅವರನ್ನೇ ದಿಟ್ಟಿಸಿ ನೋಡಿದೆ. ಕಾದಂಬರಿಯ ಹೆಂಗಸಿಗೆ ಅಷ್ಟು ಅಳುವವರು ಈಗ ಒಂದು ಮಾತು ಆಡಬಾರದೇ? ಆಡಲಿಲ್ಲ. ಆಗ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಆ ಮನೆಯಲ್ಲಿ ಅವರ ಮಾತಿಗೆ ಎಷ್ಟು ಬೆಲೆ ಇತ್ತೆಂದು ಗೊತ್ತಾದ ಮೇಲೂ.

ದೀಪಾವಳಿ ಬರುವ ಹೊತ್ತಿಗೆ ಕರು ನೆಲ ಹಿಡಿದಿತ್ತು, ಎದ್ದು ನಿಲ್ಲುತ್ತಿರಲಿಲ್ಲ. ಅತ್ತಿ ದನಕರು ಕಾಯುವ ದೇವಿಯೆಂದು ಸಗಣಿಯ ಹಟ್ಟೆವ್ವಗಳನ್ನು ಮಾಡಿ, ಹೂ ಚುಚ್ಚಿ, ದನ ಇಲ್ಲದ ನಮ್ಮ ಪರಸಿನಲ್ಲಿ ಇಟ್ಟು ಬೇಡಿಕೊಂಡಳು. ಹಬ್ಬ ಕಳೆದು ಕೆಲಸಕ್ಕೆ ಹೋಗುವಾಗ ನಾನೂ ಜೊತೆಗಿದ್ದೆ. ದೂರದಿಂದಲೇ ಕಂಡಿತು: ಚಂದ್ರಿಯ ಮುಂದೆ ಕರು ನೆಟ್ಟಗೆ ನಿಂತಿದೆ, ಹಣೆಯ ಚುಕ್ಕೆ ಬಿಸಿಲಿಗೆ ಹೊಳೆಯುತ್ತಿದೆ.

"ಎದ್ದು ನಿಂತೈತಲ್ಲಾ ನನ್ನವ್ವಾ! ಹಟ್ಟೆವ್ವ ಕಣ್ಣು ಬಿಟ್ಲು!" ಅತ್ತಿ ಸೀರೆ ಎತ್ತಿಕೊಂಡು ಓಡಿದಳು. ನಾನೂ ಓಡಿದೆ. ಅತ್ತಿ ಅದರ ಕುತ್ತಿಗೆ ತಬ್ಬಿಕೊಂಡಳು. ಒಣಹುಲ್ಲು ಮುರಿದ ಸಪ್ಪಳವಾಯಿತು.

ಕರು ಹಬ್ಬದಲ್ಲೇ ಸತ್ತಿತ್ತು. ಎಮ್ಮೆ ಹಾಲು ಇಳಿಸಲೆಂದು ಅದರ ಚರ್ಮಕ್ಕೆ ಹುಲ್ಲು ತುಂಬಿ, ಹೊಲಿದು, ಕೋಲಿನ ಕಾಲು ಕೊಟ್ಟು ನಿಲ್ಲಿಸಿದ್ದರು. ಅತ್ತಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅವಳು ಅಳಲಿಲ್ಲ. ಹೊಲಿಗೆಯಿಂದ ಹೊರಗೆ ಬಂದಿದ್ದ ಒಂದು ಹುಲ್ಲುಕಡ್ಡಿಯನ್ನು ಬೆರಳಿನಿಂದ ಒಳಗೆ ತಳ್ಳಿದಳು.

ಚಂದ್ರಿಗೆ ಆ ಮೋಸ ತಿಳಿದಿತ್ತೋ ಏನೋ, ಹಿಂಡಲು ಕೂತವರನ್ನೆಲ್ಲ ಒದೆಯುತ್ತಿತ್ತು. "ನೀಲವ್ವಾ, ನೀ ಹಿಂಡ ನೋಡೂಣು. ನಿನ್ನ ಧ್ವನಿ ಗುರತೈತಿ ಅದಕ್ಕ" ಎಂದು ದೊಡ್ಡ ಅವ್ವಾರು ಚರಿಗೆ ಚಾಚಿದರು. ಅತ್ತಿ ಅದನ್ನು ಎಸೆದು ಮನೆಗೆ ಬರಲಿ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವಳು ಕೆಚ್ಚಲು ಮುಟ್ಟಿ ನೋಡಿದಳು, ಕೂತಳು, "ಬಿಡವ್ವಾ ಚಂದ್ರೀ, ಬಿಡು" ಅಂದಳು. ಹಾಲು ಇಳಿಯಿತು. ಅಂದಿನಿಂದ ಅದೂ ಅವಳ ಕೆಲಸವೇ ಆಯಿತು.

"ಯಾಕ ಹೋಗತೀ ಅತ್ತಿ?" ಎಂದು ನಾನು ಜಗಳಕ್ಕೇ ನಿಂತೆ.

"ಕೆಚ್ಚಲ ಬಿಗದು ಕಲ್ಲಾಗಿತ್ತ ಮಗಳ. ಅದೇನ ಪಾಪ ಮಾಡೈತಿ?"

ಸ್ವಲ್ಪ ದಿನದ ಮೇಲೆ ಸಣ್ಣ ಅಕ್ಕಾರು ಮತ್ತೆ ಹೊಸ್ತಿಲ ಒಳಗೆ ಬಂದು ಕೂತರು. "ನೀಲವ್ವಾ, ಇನ್ನೊಂದೀಟ ಉಳದದ. ಓದ್ಲೇನು?"

ಅತ್ತಿ ಮೊರ ಕೆಳಗಿಟ್ಟಳು. "ಬ್ಯಾಡ್ರಿ ಅಕ್ಕಾರ. ಅಕಿಗೆ ಮನಿ ಸಿಗಲಿಲ್ಲಂದ್ರ ನೀವು ಅಳತೀರಿ. ನಿಮಗ ಅಳಾಕ ಇನ್ನೊಂದ ಪುಸ್ತಕ ಸಿಗತೈತ್ರಿ. ನನಗ ಇನ್ನೊಂದ ಕರಾ ಸಿಗೂದಿಲ್ಲ."

ಸಣ್ಣ ಅಕ್ಕಾರು ಪುಸ್ತಕ ಮುಚ್ಚಿ ಒಳಗೆ ಹೋದರು. ಆಮೇಲೆ ಆ ಹೊಸ್ತಿಲಲ್ಲಿ ಓದು ಕೇಳಿಸಲಿಲ್ಲ. ಅವರಿಗೆ ಇದ್ದವಳು ಅತ್ತಿ ಒಬ್ಬಳೇ, ಅತ್ತಿಗೂ ಅಷ್ಟೇ. ಅದೂ ಹೋಯಿತು.

ಈಗ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಇಂಥವೇ ಕೆಟ್ಟ ಕಾಲದ ಕಾದಂಬರಿಗಳನ್ನು ಪಾಠ ಮಾಡುತ್ತೇನೆ. ಮಕ್ಕಳು ಕನಸು, ಒಂಟಿತನ, ಅಂತಸ್ತು ಎಂದು ಮೂರು ತಲೆಬರಹ ಹಾಕಿ, ಗೆರೆ ಎಳೆದು, ಚೆಂದಾಗಿ ಉತ್ತರ ಬರೆಯುತ್ತಾರೆ. ನಾನು ಅಂಕ ಕೊಡುತ್ತೇನೆ. ಸಾವಕಾರರ ಹಿತ್ತಲಲ್ಲಿ ಈಗ ಕಾರು ನಿಲ್ಲುತ್ತದಂತೆ. ಊರಲ್ಲಿ ಪಾಲಿಗೆ ಕೊಡುವವರೂ ಇಲ್ಲ, ಸಾಕುವವರೂ ಇಲ್ಲ. ಮೂರು ಮಂದಿ ಮೂರು ಎತ್ತರದಲ್ಲಿ ಕೂತಾದರೂ ಒಂದೇ ಕತೆಗೆ ಕಿವಿಗೊಟ್ಟ ಆ ಮಧ್ಯಾಹ್ನಗಳು ನನಗೆ ಮತ್ತೆಲ್ಲೂ ಸಿಗಲಿಲ್ಲ.

ನೌಕರಿ ಸಿಕ್ಕ ಮೇಲೆ ಅತ್ತಿಯನ್ನು ನನ್ನ ಹತ್ತಿರವೇ ಕರೆದುಕೊಂಡು ಬಂದೆ. ಮನೆಯಲ್ಲಿ ಹಾಲಿಗೇನೂ ಕೊರತೆ ಇರಲಿಲ್ಲ. ಆದರೂ ಕಣ್ಣು ಮುಚ್ಚುವ ತನಕ ಆಕೆ ಕುಡಿದದ್ದು ಕರಿ ಚಹಾನೇ. ಹಾಲು ಹಾಕಿ ಕೊಟ್ಟರೆ ಕಪ್ಪನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿ, "ಕರದ್ದು ಕರಕ್ಕ ಇರಲಿ ಬಿಡವ್ವಾ" ಅನ್ನುತ್ತಿದ್ದಳು.