ಒಂದು ಮುಷ್ಟಿ ಗರಡಿ ಮಣ್ಣು

ನಿಜ ಮುಚ್ಚಿಟ್ಟು ಅಪ್ಪನನ್ನು ದಿಲ್ಲಿಗೆ ಕರೆದೊಯ್ದವಳು ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಪ್ಪ ಶಿರಹಟ್ಟಿಯ ಒಂದು ಗರಡಿಯ ವಸ್ತಾದ, ಮೂವತ್ತು ವರ್ಷ ಕುಸ್ತಿ ಕಲಿಸಿದವನು. ೧೯೮೨ರ ಬೇಸಿಗೆಯಲ್ಲಿ ಗದಗಿನ ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇವರ ದೃಷ್ಟಿ ಇನ್ನೊಂದು ವರ್ಷ ಉಳಿದರೆ ಹೆಚ್ಚು ಎಂದರು. ದಿಲ್ಲಿಯಲ್ಲಿ ಏಷ್ಯಾಡ್ ಕ್ರೀಡಾಕೂಟ ಇದ್ದದ್ದೂ ಅದೇ ವರ್ಷ. ನಾನು ಮುಂಡರಗಿಯಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಶನಿವಾರ ಮನೆಗೆ ಬಂದು ವಾರದ ಪೇಪರುಗಳನ್ನೆಲ್ಲ ಅಪ್ಪನಿಗೆ ಓದಿ ಹೇಳುವುದು ನನ್ನ ಕೆಲಸ. ಹೊಸ ಕ್ರೀಡಾಂಗಣ, ಸುತ್ತ ಎಕರೆಗಟ್ಟಲೆ ಉದ್ಯಾನ, ಕಾರಂಜಿ ಎಂದೆಲ್ಲ ಓದುವಾಗ ಅವನು ಬೀಡಿ ಹಚ್ಚುವುದನ್ನೂ ಮರೆಯುತ್ತಿದ್ದ.

ಒಂದು ಶನಿವಾರ, ಕುಸ್ತಿ ನಡೆಯುವುದು ಮಣ್ಣಿನಲ್ಲಲ್ಲ, ಮೆತ್ತನೆಯ ಗಾದಿಯ ಮೇಲೆ ಎಂಬ ಸಾಲು ಬಂತು. ನಾನು ಕೆಮ್ಮಿ ಮುಂದಿನ ಸಾಲಿಗೆ ಹಾರಿದೆ.

ಯಾಕೆಂದರೆ ಹಿಂದೊಮ್ಮೆ ಹುಬ್ಬಳ್ಳಿಯಲ್ಲಿ ಗಾದಿಯ ಮೇಲಿನ ಕುಸ್ತಿ ನೋಡಲು ಹೋಗಿದ್ದ ಅಪ್ಪ, "ಗಾದಿ ಮ್ಯಾಲ ಮಲಗೂದು, ಕುಸ್ತಿ ಆಡೂದಲ್ಲ" ಎಂದು ಅರ್ಧಕ್ಕೇ ಎದ್ದು ಬಂದಿದ್ದ. ಈಗಲೂ ಗೊತ್ತಾದರೆ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ಹುಬ್ಬಳ್ಳಿಯದು ಏನೇ ಇರಲಿ, ದೇಶವೇ ನಡೆಸುವ ಇಷ್ಟು ದೊಡ್ಡ ಕುಸ್ತಿ ನಮ್ಮ ಮಣ್ಣಿನಲ್ಲೇ ಇರುತ್ತದೆ ಎಂದು ಅವನು ನಂಬಿದ್ದ. ಕಣ್ಣಿಗೆ ಕತ್ತಲೆ ಕವಿಯುವ ಮೊದಲು ಅವನು ಅಷ್ಟು ದೊಡ್ಡ ಅಖಾಡವನ್ನು ನೋಡಲಿ ಎಂಬುದೊಂದೇ ನನ್ನ ಹಟ.

ಆರು ತಿಂಗಳು ತಯಾರಿ ನಡೆಯಿತು. ದಿಲ್ಲಿಯಲ್ಲಿ ಫೌಜಿನಲ್ಲಿದ್ದ ಅಕ್ಕನ ಗಂಡ ಕುಸ್ತಿಯ ಟಿಕೀಟು ಕೊಂಡಿಟ್ಟರು. ಗದಗಿಗೆ ಬಸ್ಸು, ಅಲ್ಲಿಂದ ಹುಬ್ಬಳ್ಳಿ, ಮೀರಜಿನಲ್ಲಿ ಗಾಡಿ ಬದಲಿ ಎಂದು ನಾನು ಚೀಟಿ ಬರೆದಿಟ್ಟೆ. ಎಲ್ಲ ಸರಿ ಹೋಯಿತು ಎನ್ನುವಾಗ ಅಪ್ಪ ಗರಡಿಯಲ್ಲಿ ಬಾಂಬು ಸಿಡಿಸಿದ.

"ಹೊಸಾ ಅಖಾಡ ಐತಿ. ನಮ್ಮ ಮಣ್ಣು ಕೂಡಿಸಬೇಕು."

ನಮ್ಮ ಕಡೆ ಹೊಸ ಗರಡಿ ಮಾಡಿದರೆ ಹಳೆಯ ಗರಡಿಯಿಂದ ಒಂದು ಮುಷ್ಟಿ ಮಣ್ಣು ಒಯ್ದು ಬೆರೆಸುವುದು ರೂಢಿ. ಎಣ್ಣೆ, ಮಜ್ಜಿಗೆ, ಅರಿಷಿಣ ಕುಡಿದು ಹದವಾದ ಆ ಕೆಮ್ಮಣ್ಣನ್ನು ಶಿಷ್ಯರೆಲ್ಲ ಚಿಟಿಕೆ ಚಿಟಿಕೆ ಎತ್ತಿ, ಹಣೆಗೆ ಮುಟ್ಟಿಸಿ, ಬೆಟಗೇರಿ ಖಣದ ಬಟ್ಟೆಯ ತುಂಡಿನಲ್ಲಿ ಹಾಕಿದರು. ಅಪ್ಪ ಗಂಟು ಕಟ್ಟಿದ. ಆಗಲಾದರೂ ಹೇಳಬೇಕಿತ್ತು.

ಮೂರು ದಿನದ ದಾರಿಯುದ್ದಕ್ಕೂ ಅವನ ಕೈ ಆ ಗಂಟಿನ ಮೇಲೆ, ನನ್ನ ಕಣ್ಣು ಅವನ ಕೈಯ ಮೇಲೆ.

ಕ್ರೀಡಾಂಗಣದ ಉದ್ಯಾನವನ್ನು ದಾಟುವುದಕ್ಕೇ ಅರ್ಧ ತಾಸು ಹಿಡಿಯಿತು. ಸಾಲು ಬಾವುಟ, ಚೆಂಡುಹೂವಿನ ಮಡಿಗಳು, ಹೆಜ್ಜೆಗೊಬ್ಬ ಪೊಲೀಸ. ಗೇಟಿನಲ್ಲಿ ಒಬ್ಬ ಅಪ್ಪನ ಕಿಸೆ ತಡವಿ, ಗಂಟು ಬಿಚ್ಚಿ, ಕೆಂಪು ಪುಡಿ ಮೂಸಿ ನೋಡಿ ಸೀಟಿ ಊದಿದ. ಇನ್ನಿಬ್ಬರು ಓಡಿ ಬಂದರು. ಹಿಂದಿದ್ದ ಜನ ದೂರ ಸರಿದರು. "ಮಿಟ್ಟಿ ಹೈ, ಸಾಬ್, ಕುಸ್ತಿ ಕಾ ಮಿಟ್ಟಿ" ಎಂದು ಬಡಬಡಿಸಿದೆ, ಇದು ಕುಸ್ತಿಯ ಮಣ್ಣು ಎಂದು. ಹಿಂದಿ ಪರೀಕ್ಷೆಗಳಲ್ಲಿ ಪಾಸಾದದ್ದು ಅಷ್ಟಕ್ಕೇ ಬಂತು. ಅಪ್ಪ ಒಂದು ಚಿಟಿಕೆ ತೆಗೆದು ಅವರೆದುರೇ ನಾಲಿಗೆಗೆ ಹಾಕಿಕೊಂಡು ನುಂಗಿದ. ಪೊಲೀಸ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಉಳಿದ ಮಣ್ಣನ್ನು ಪಕ್ಕದ ಹೂವಿನ ಮಡಿಗೆ ಕೊಡವಿ, ಬರಿಯ ಬಟ್ಟೆ ಕೈಗಿಟ್ಟು, ಒಳಗೆ ಹೋಗಿ ಎಂದು ಕೈ ಮಾಡಿದ.

ನನಗೆ ಸಿಟ್ಟು ಬಂತು. ಮಣ್ಣು ಬೆರೆಸುವ ಮಾತೇ ಇನ್ನಿಲ್ಲ ಎಂದು, ನಾಚಿಕೆಯಾಗುವಂತೆ, ಒಳಗೊಳಗೇ ಹಗುರವೂ ಆಯಿತು. ಆದರೆ ಅವನು ಗಾದಿಯನ್ನು ನೋಡುವುದು ಇನ್ನೂ ಬಾಕಿ ಇತ್ತು.

ಒಳಗೆ ದೀಪಗಳ ಕೆಳಗೆ ಬಣ್ಣದ ಗಾದಿ ಹಾಸಿತ್ತು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ.

"ಮಣ್ಣು ಎಲ್ಲೈತಿ?"

ನಾನು ಅವನ ಕೈಯಲ್ಲಿದ್ದ ಬರಿಯ ಬಟ್ಟೆಯನ್ನು ನೋಡಿದೆ.

"ನಿನಗ ಗೊತ್ತಿತ್ತು?"

"ಹೂಂ, ಅಪ್ಪಾ."

ಈಗ ಎದ್ದು ನಡೆಯುತ್ತಾನೆ ಎಂದು ನಾನು ಅವನ ತೋಳು ಹಿಡಿದೆ. ಅವನು ಏಳಲಿಲ್ಲ. ಸಂಜೆಯ ಕೊನೆಯ ಜೋಡಿಯವರೆಗೂ ಆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೇ ಇದ್ದ. ವಾಪಸು ಬರುವಾಗ ರೈಲಿನಲ್ಲೂ ಅದು ಅವನ ಮುಷ್ಟಿಯಲ್ಲೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ಶಿಷ್ಯರೆಲ್ಲ ಕಾಯುತ್ತಿದ್ದರು. ಎಲ್ಲರಿಗಿಂತ ಹಿರಿಯ ಪೈಲ್ವಾನ ಅಪ್ಪನ ಕಾಲು ಮುಟ್ಟಿ ಕೇಳಿದ: "ವಸ್ತಾದರ, ನಮ್ಮ ಮಣ್ಣು ಕೂಡಿಸಿದ್ರ್ಯಾ?"

ಅಪ್ಪ ಸುಳ್ಳಾಡಿದ್ದನ್ನು ನಾನು ಕೇಳಿದವಳೇ ಅಲ್ಲ.

"ಕೂಡಿಸೇನಿ," ಎಂದ ಅಪ್ಪ. "ಬೇಕಾದ್ರ ಈಕಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. "ಹೌದು" ಎಂದೆ. ಅವರು ಕೇಕೆ ಹಾಕಿ ಅಪ್ಪನನ್ನು ಎತ್ತಿಕೊಂಡರು.

ಮನೆಗೆ ಬಂದು ಅಪ್ಪನ ಕಾಲಿಗೆ ನೀರು ಹಾಕುತ್ತಿದ್ದೆ. ನೀರು ಕಾಲು ಬಿಟ್ಟು ನೆಲಕ್ಕೆ ಬೀಳುತ್ತಿದ್ದುದು ಅವನ ಮಸುಕು ಕಣ್ಣಿಗೂ ಕಂಡಿರಬೇಕು. ಚೊಂಬು ಇಸಿದುಕೊಂಡು ಹೇಳಿದ:

"ಆರು ತಿಂಗಳು ಸುಳ್ಳಿನ ಭಾರ ನೀ ಒಬ್ಬಾಕಿನ ಹೊತ್ತಿ, ಯವ್ವಾ. ಇನ್ನ ಇಬ್ರೂ ಕೂಡಿ ಹೊರೂಣು."