ಸೋಡಾ ನೀರಿನಲ್ಲಿ ರಾಣಿ ರೂಪಾಯಿ

ಮೊನ್ನೆ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ಸೊಸೆ ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ ಸುರಿದಳು. ಆ ಬಿಸಿ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಹೊನ್ನಾಳಿಯ ಪಕ್ಕದ ಮನೆ ಅತ್ತಿಗೆ ನೆನಪಾದರು. ಕಣ್ಣು ಉರಿಯಿತೇ ಎಂದು ಸೊಸೆ ಕೇಳಿದಳು. ಹೂಂ ಅಂದೆ.

ಎಪ್ಪತ್ತರ ದಶಕದ ಕೊನೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮುಗ್ಗರಿಸಿ, ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳಲೆಂದು ಮನೆಯಲ್ಲಿ ಕೂತಿದ್ದೆ. ಆಗ ಪಕ್ಕದ ಮನೆಗೆ ದಾವಣಗೆರೆಯಿಂದ ಸೊಸೆಯಾಗಿ ಬಂದವರು ಅತ್ತಿಗೆ. ಪಿಯುಸಿಯಲ್ಲಿ ಸೈನ್ಸ್, ಅದೂ ಫಸ್ಟ್ ಕ್ಲಾಸು. ಮುಂದೆ ಬಿ.ಎಸ್ಸಿ. ಓದಿಸುತ್ತೇವೆಂದು ಅವರ ಮಾವ ಮದುವೆ ಮಾತುಕತೆಯಲ್ಲೇ ನಾಲ್ಕು ಜನರೆದುರು ಒಪ್ಪಿದ್ದರಂತೆ. ಒಂದು ಜೂನ್ ಯಾರೂ ಆ ಸುದ್ದಿ ಎತ್ತದೆ ಕಳೆದುಹೋಗಿತ್ತು. ಅತ್ತಿಗೆ ಇನ್ನೊಂದು ಜೂನ್‌ಗೆ ಕಾಯುತ್ತಿದ್ದರು. ಬೇರೆ ಯಾವುದರ ಮೇಲೂ ಅವರಿಗೆ ಅಷ್ಟು ಆಸೆ ಇರಲಿಲ್ಲ. ಸೀರೆ, ಒಡವೆ ಯಾವುದಕ್ಕೂ ಬಾಯಿ ತೆರೆದವರಲ್ಲ.

ಮಧ್ಯಾಹ್ನ ದೊಡ್ಡವರೆಲ್ಲ ಅಡ್ಡಾದಾಗ ಅವರ ಹಿತ್ತಿಲೇ ನಮ್ಮ ಕಾಲೇಜು. ಹುಣಸೆಹಣ್ಣು, ಉಪ್ಪು ಕಲಸಿದ ನೀರಿಗೆ ಕಪ್ಪಿಟ್ಟ ತೂತಿನ ಕಾಸು ಹಾಕಿದರೆ ಅದು ಹೊಸ ತಂಬಿಗೆಯ ಬಣ್ಣಕ್ಕೆ ಬರುತ್ತಿತ್ತು. ಅದೇ ನೀರಿನಲ್ಲಿ ಮೊಳೆ ನೆನೆಸಿಟ್ಟರೆ ಮೊಳೆಗೆ ತಾಮ್ರದ ಲೇಪ. ದಾಸವಾಳದ ರಸಕ್ಕೆ ನಿಂಬೆ ಹಿಂಡಿದರೆ ಒಂದು ಬಣ್ಣ, ಸೋಡಾ ಬಿದ್ದರೆ ಇನ್ನೊಂದು. ಯಾಕೆ ಎಂದು ಅವರು ತಿಳಿಸುವರು, ನಾನು ಹೂಂಗುಟ್ಟುವೆ. ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಕತ್ತೆ ಬಾಲ! ಹೇಳುವಾಗ ಅವರ ಮುಖ ನೋಡುವುದಕ್ಕೇ ನಾನು ಗೋಡೆ ಹಾರಿ ಬರುತ್ತಿದ್ದೆ.

ಬಸವ ಜಯಂತಿಯ ಹಿಂದಿನ ದಿನ ಆ ಮನೆಯ ಬೆಳ್ಳಿ ಸಾಮಾನನ್ನೆಲ್ಲ ವಿಭೂತಿ ಹಚ್ಚಿ ತಿಕ್ಕುವುದು ರೂಢಿ. ಅತ್ತಿಗೆ ಆ ವರ್ಷ ತಿಕ್ಕಲಿಲ್ಲ. ಪಿಂಗಾಣಿ ಬೋಗುಣಿಯ ತಳದಲ್ಲಿ ಅಲ್ಯೂಮಿನಿಯಂನ ಹತ್ತು ಪೈಸೆ ನಾಣ್ಯಗಳನ್ನು ಹರಡಿ, ಮೇಲೆ ಕಪ್ಪಾದ ದೀಪ, ಬಟ್ಟಲು ಇಟ್ಟು ಸೋಡಾ ಹಾಕಿದ ಬಿಸಿನೀರು ಸುರಿದರು. ನೋಡನೋಡುತ್ತ ಬೆಳ್ಳಿಯ ಕಪ್ಪು ಬಿಟ್ಟಿತು. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಅವರ ಮಾವ ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅತ್ತಿಗೆ ಅದೇ ಸಮಯ ಹಿಡಿದು ಕಾಲೇಜಿನ ಮಾತು ಎತ್ತಿಯೇಬಿಟ್ಟರು.

"ಆಗ್ಲಿ ಬಿಡವ್ವ. ಜೂನ್‌ನಾಗೆ ನಾನೇ ಕರ್ಕೊಂಡು ಹೋಗಿ ಹೆಸರು ಹಚ್ಚಿ ಬರ್ತೀನಿ" ಎಂದು ಅವರು ಅಂಗಡಿಗೆ ಎದ್ದು ಹೋದರು.

ಅತ್ತಿಗೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೇನಾದರೂ ಉಳಿದಿದೆಯೇ ಎಂದು ದೇವರ ಕೋಣೆಗೆ ಓಡಿ, ಮೂಲೆಯ ತಟ್ಟೆಯಲ್ಲಿದ್ದ ಒಂದು ನಾಣ್ಯವನ್ನು ತಂದರು. ಅರಿಶಿನ ಮೆತ್ತಿ ಮೆತ್ತಿ ಅದರ ಮುಖವೇ ಕಾಣುತ್ತಿರಲಿಲ್ಲ. ಲಕ್ಷ್ಮೀಪೂಜೆಯ ರೂಪಾಯಿ ಇರಬೇಕು ಎನ್ನುತ್ತ ಸೋಡಾ ನೀರಿಗೆ ಬಿಟ್ಟರು.

ನೀರು ಕೆಂಪಾಯಿತು. ಬೋಗುಣಿಗೆ ಬೋಗುಣಿಯೇ ಕೆಂಪು. ಅರಿಶಿನ ಬಿಡುತ್ತ ಬಿಡುತ್ತ ತಳದಿಂದ ರಾಣಿಯ ಮುಖವೊಂದು ಮೇಲೆದ್ದಿತು... ಅಷ್ಟರಲ್ಲಿ ಅವರ ಅತ್ತೆ ಕಣಕದ ಕೈಯಲ್ಲೇ ಹೊರಗೆ ಬಂದರು. ಬೋಗುಣಿ ನೋಡಿದರು. ಇದ್ದಲ್ಲೇ ಕುಸಿದು ಕೂತರು.

ಆ ನಾಣ್ಯ ಅವರ ಸವತಿ. ಸವತಿ ಅಂದರೆ ಬೇರೆಯವಳಲ್ಲ, ಸ್ವಂತ ಅಕ್ಕ. ಅಕ್ಕ ಆ ಮನೆಯಲ್ಲೇ ಬಾಣಂತನದಲ್ಲಿ ತೀರಿಕೊಂಡ ಮೇಲೆ ತಂಗಿಯನ್ನು ಅದೇ ಭಾವನಿಗೆ ಕೊಟ್ಟಿದ್ದರು. ಎರಡನೆಯವಳಾಗಿ ಬಂದವಳು ಮೊದಲನೆಯವಳ ಹೆಸರಿನಲ್ಲಿ ಹೀಗೆ ಒಂದು ಬಿಲ್ಲೆಯನ್ನೋ ನಾಣ್ಯವನ್ನೋ ಇಟ್ಟುಕೊಂಡು, ದಿನಾ ಅದಕ್ಕೆ ಅರಿಶಿನ ಕುಂಕುಮ ಏರಿಸಿಯೇ ತಾನು ಉಣ್ಣಬೇಕು. ಮೇಲೆ ಮೇಲೆ ಏರಿಸುವುದೇ ಹೊರತು ತೊಳೆಯುವಂತಿಲ್ಲ. ಆ ಮನೆಯಲ್ಲಿ ಸತ್ತವರ ಮಾತನ್ನೇ ಯಾರೂ ಆಡುತ್ತಿರಲಿಲ್ಲ, ಹೊಸ ಸೊಸೆಗೆ ಹೇಳುವವರಾದರೂ ಯಾರು? ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತಾದದ್ದು ಅವತ್ತೇ.

ಅತ್ತಿಗೆ ಅವರ ಕೈ ಹಿಡಿದುಕೊಂಡರು. "ಅತ್ತೆ, ಇದು ಬರೀ ಅರಿಶಿನ. ಆರತಿ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗಾಕಿಲ್ವಾ, ಹಂಗೇ ಇದು."

"ನಂಗೊತ್ತೈತೆ ಕಣವ್ವ" ಅಂದರು ಆ ತಾಯಿ. "ಆರತಿ ನೀರು ನಾನೇನು ಕಡಿಮೆ ಕಲಸೀನಾ. ಆದ್ರೆ ನಮ್ಮಕ್ಕ ಹೋದಾಗ ನೆಲದ ಮ್ಯಾಗಿನ ಇಂಥ ನೀರು ಬಳಿದು ಚೆಲ್ಲಿದ್ದು ನಾನೇ..."

ಮರುದಿನ ಆ ಮನೆಯಲ್ಲಿ ಹೋಳಿಗೆಯ ಹಂಚು ಒಲೆ ಏರಲಿಲ್ಲ. ಅತ್ತೆ ಹಾಸಿಗೆ ಹಿಡಿದು ತುತ್ತು ಮುಟ್ಟದೆ ಮಲಗಿದರು. ಮಾವ, ಇನ್ನು ಮನೆಯಲ್ಲಿ ಇಂಥವು ಬೇಡ ಎಂದಷ್ಟೇ ಹೇಳಿದರು. ಕಾಲೇಜಿನ ಬಗ್ಗೆ ಹೌದೂ ಇಲ್ಲ, ಅಲ್ಲವೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಕೊಟ್ಟ ಮಾತು ಕೊಟ್ಟದ್ದೇ, ಹೋಗಿ ಕೇಳಿ ಎಂದು ಗೋಡೆಯಾಚೆಯಿಂದ ಅತ್ತಿಗೆಯನ್ನು ಪೀಡಿಸಿದೆ.

"ಅವರ ಅಕ್ಕನ ಸಾವನ್ನ ಅವರಿಗೆ ಇನ್ನೊಂದು ಸಲ ತೋರಿಸಿದೀನಿ. ಈಗ ಯಾವ ಬಾಯಾಗೆ ಕಾಲೇಜು ಕೇಳ್ಲಿ, ಹೇಳು" ಎಂದರು. ಜೂನ್ ಬಂತು. ಹೋಯಿತು.

ನಾನು ಮದುವೆಯಾಗಿ ಸವಳಂಗಕ್ಕೆ ಬಂದೆ. ಎಂಬತ್ತರ ದಶಕದಲ್ಲಿ ತವರಿಗೆ ಹೋದಾಗಲೆಲ್ಲ ಅತ್ತಿಗೆ ಮಕ್ಕಳ ಕೆಮ್ಮು, ನೆಗಡಿಯ ಮಾತಾಡುತ್ತಿದ್ದರು. ಬೆಳ್ಳಿಯನ್ನು ಎಲ್ಲರಂತೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದರು. ಹಳೆಯದನ್ನು ಕೆದಕಿದರೆ ನಕ್ಕು ಕಾಫಿಗೆ ಏಳುವರು.

ಹೋದ ವರ್ಷ ಅತ್ತಿಗೆ ತೀರಿಕೊಂಡರು. ಅವರ ಅತ್ತೆ, ಮಾವ ಇಬ್ಬರೂ ಎಂದೋ ಹೋಗಿದ್ದರು. ಮಾತಾಡಿಸಲು ಹೋದಾಗ ಅವರ ಗಂಡ ಒಬ್ಬರೇ ಕೂತಿದ್ದರು. ಹಿತ್ತಿಲಲ್ಲಿ ಅದೆಲ್ಲ ನಡೆದ ವಾರ ಅವರು ವ್ಯಾಪಾರಕ್ಕೆಂದು ಶಿವಮೊಗ್ಗದಲ್ಲಿದ್ದವರು. ತಾವಾಗಿಯೇ ಹೇಳಿದರು: "ನಿಮ್ಮ ಅತ್ತಿಗೆ ಓದಬೇಕು ಅಂದಿದ್ರೆ ಈ ಮನೆಯಾಗೆ ಯಾರೂ ಬ್ಯಾಡ ಅಂತಿರಲಿಲ್ಲ. ಆಕಿ ಬಾಯಿಬಿಟ್ಟು ಕೇಳ್ಲೇ ಇಲ್ಲ ನೋಡವ್ವ."

"ಕೇಳಿದ್ರು ಅಣ್ಣ. ನಿಮ್ಮಪ್ಪ ಆಗ್ಲಿ ಅಂದಿದ್ರು. ನಾನು ಅಲ್ಲೇ ಇದ್ದೆ" ಅಂದೆ.

ಅವರು ನನ್ನನ್ನೇ ನೋಡಿದರು. "ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ನಿಮ್ಮ ತಾಯಿಗೋಸ್ಕರ ಎಂದು ನಾಲಿಗೆ ತುದಿಗೆ ಬಂತು. ನನ್ನ ಬಾಯಿ ಎಂಥದು ಎಂದು ಊರಿಗೇ ಗೊತ್ತು. ಆದರೂ ನುಂಗಿಕೊಂಡೆ. ಗಂಡನಿಗೆ ತಾಯಿಯ ಮೇಲೆ ಬೇಸರ ಬರಬಾರದೆಂದು ಅತ್ತಿಗೆ ಸಾಯುವ ತನಕ ಮುಚ್ಚಿಟ್ಟದ್ದನ್ನು ಬಿಚ್ಚಲು ನಾನು ಯಾರು? ಗೊತ್ತಿಲ್ಲ ಅಣ್ಣ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಈಗ ಅದನ್ನು ಬಲ್ಲವಳು ನಾನೊಬ್ಬಳೇ.